ವಿದೇಶಕ್ಕೆ ಹೊರಟ ರೈತರ ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು?

ಕಳೆದ ಬೇಸಿಗೆಯಲ್ಲಿ ಮಲೆನಾಡಿನ ರೈತ ದಂಪತಿಗಳು ನಮ್ಮ ವಿಭಾಗಕ್ಕೆ ಬಂದಿದ್ದರು. ಬಂದದ್ದು ಅಡಿಕೆಯ ಎಲೆಚುಕ್ಕೆ ರೋಗದ ವಿಚಾರ ಕೇಳುವುದಕ್ಕೆ. ಅದು ಮುಗಿದ ಮೇಲೆ ಯಜಮಾನರು ಅಂಗಿಯ ಜೇಬಿನಿಂದ ಒಂದು ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಮಗಳು ಅಮೆರಿಕಾದಲ್ಲಿ ಚೊಚ್ಚಲ ಬಸುರಿ. ಬಾಣಂತನಕ್ಕೆಂದು ಇಬ್ಬರೂ ಆರು ತಿಂಗಳ ಮಟ್ಟಿಗೆ ಹೊರಟಿದ್ದರು. ಚೀಟಿಯಲ್ಲಿದ್ದದ್ದು ಒಯ್ಯಬೇಕಾದ ಸಾಮಾನಿನ ಪಟ್ಟಿ: ಮನೆಯ ಗದ್ದೆಯ ಅಕ್ಕಿ ಐದು ಕಿಲೋ, ಕೊಬ್ಬರಿ, ಅಂಟು, ಗಸಗಸೆ, ಓಮ, ಮೆಂತ್ಯ, ಮನೆಯ ತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿ, ಆರು ಮಾವಿನ ಹಣ್ಣು, ಕರಿಬೇವು, ಇಬ್ಬರ ಔಷಧಿಗಳು, ಕೊನೆಯಲ್ಲಿ, ಮಗಳ ಹಿತ್ತಲಲ್ಲಿ ನೆಡಲು ತೊಂಡೆ ಬಳ್ಳಿಯ ಎರಡು ತುಂಡು.

ಇದರಲ್ಲಿ ಯಾವುದನ್ನು ಬಿಡುತ್ತಾರೆ, ಯಾವುದನ್ನು ಕಿತ್ತುಕೊಳ್ಳುತ್ತಾರೆ ಎಂದು ಯಜಮಾನರು ಕೇಳಿದರು. ಅವರ ಮನೆಯವರು ಮಾತ್ರ ಬೇರೆಯೇ ಪ್ರಶ್ನೆ ಹಾಕಿದರು: "ಒಂದು ಹಿಡಿ ಕರಿಬೇವು ಒಯ್ದರೆ ಅಷ್ಟು ದೊಡ್ಡ ದೇಶಕ್ಕೆ ಏನು ಕೇಡಾಗುತ್ತದೆ ಸಾರ್?"

ಈಗ ನಮ್ಮ ಹಳ್ಳಿಗಳಲ್ಲಿ ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳು ಬಹಳ. ಆದುದರಿಂದ ಆ ಅಮ್ಮನವರಿಗೆ ಅಂದು ಅವಸರದಲ್ಲಿ ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಒಂದು ಹಿಡಿ ಕರಿಬೇವಿನ ಕತೆ

ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ ಗಿಡ. ಕಿತ್ತಳೆಯ ಎಳೆಯ ಚಿಗುರಿನಲ್ಲಿ ರಸ ಹೀರುವ ಸಿಲ್ಲಾ ಎಂಬ ಪುಟ್ಟ ಕೀಟವು ಕರಿಬೇವಿನ ಚಿಗುರಿನಲ್ಲಿಯೂ ಸೊಗಸಾಗಿ ಸಂತಾನಾಭಿವೃದ್ಧಿ ಮಾಡುತ್ತದೆ. ಇದರ ಮೊಟ್ಟೆಗಳು ಹಳದಿ ಬಣ್ಣದವು. ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಸಣ್ಣವು. ಸೊಪ್ಪನ್ನು ಎರಡು ಸಲ ತೊಳೆದು ಕಾಗದದಲ್ಲಿ ಸುತ್ತಿದರೂ ಮಡಿಕೆಗಳ ಸಂದಿಯಲ್ಲಿ ಅವು ಉಳಿದುಬಿಡಬಹುದು. ಅಡಿಗೆಗೆ ಚೆನ್ನಾಗಿರುತ್ತದೆಂದು ನಾವು ಆರಿಸಿ ಕೊಯ್ಯುವುದೂ ಆ ಎಳೆಯ ಕುಡಿಗಳನ್ನೇ.

ಸಿಲ್ಲಾ ಕೀಟ ರಸ ಹೀರುವುದರಿಂದ ಆಗುವ ನಷ್ಟ ಸಹಿಸಬಹುದಾದದ್ದು. ಆದರೆ ಇದು ಗ್ರೀನಿಂಗ್ ಎಂಬ ರೋಗದ ಬ್ಯಾಕ್ಟೀರಿಯಾವನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ರೋಗ ತಗುಲಿದ ಕಿತ್ತಳೆ ಮರದ ಎಲೆಗಳು ಅಲ್ಲಲ್ಲಿ ಹಳದಿಯಾಗುತ್ತವೆ, ಹಣ್ಣು ಸೊಟ್ಟಗೆ ಬೆಳೆದು ತಳದಲ್ಲಿ ಹಸಿರಾಗಿಯೇ ಉಳಿಯುತ್ತದೆ, ಮರ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಒಮ್ಮೆ ರೋಗ ಬಂದ ಮರವನ್ನು ಗುಣಪಡಿಸುವ ಔಷಧಿ ಇಲ್ಲ. ಕೊಡಗಿನ ಕಿತ್ತಳೆ ತೋಟಗಳು ಬರಿದಾದುದಕ್ಕೆ ಇದ್ದ ಹಲವು ಕಾರಣಗಳಲ್ಲಿ ಈ ರೋಗವೂ ಒಂದು. ಅಲ್ಲಿಯ ಹಿರಿಯ ಬೆಳೆಗಾರರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಅಮೆರಿಕಾದ ಫ್ಲಾರಿಡಾ ರಾಜ್ಯದಲ್ಲಿ ಸಿಲ್ಲಾ ಕೀಟ 1998ರಲ್ಲಿಯೂ ರೋಗ 2005ರಲ್ಲಿಯೂ ಮೊದಲು ಕಂಡುಬಂದವು. 2003–04ರ ಹಂಗಾಮಿನಲ್ಲಿ ಆ ರಾಜ್ಯ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. ಒಂದು ಪೆಟ್ಟಿಗೆಗೆ ಸುಮಾರು 40 ಕಿಲೋ ಲೆಕ್ಕ. 2023–24ರಲ್ಲಿ ಬೆಳೆದದ್ದು 2 ಕೋಟಿ ಪೆಟ್ಟಿಗೆಗೂ ಕಡಿಮೆ. ಬಿರುಗಾಳಿ, ಮನೆ ನಿವೇಶನಗಳಿಗೆ ತೋಟ ಮಾರಿದ್ದು, ಇವೂ ಸೇರಿಕೊಂಡವು ನಿಜ. ಆದರೂ ದೊಡ್ಡ ಏಟು ಕೊಟ್ಟದ್ದು ಗ್ರೀನಿಂಗ್. ಇಷ್ಟನ್ನು ಕಳೆದುಕೊಂಡ ದೇಶದ ಸುಂಕದ ಕಟ್ಟೆಯಲ್ಲಿ ನಿಂತ ಅಧಿಕಾರಿಗೆ ಒಂದು ಹಿಡಿ ಕರಿಬೇವು ಒಂದು ಹಿಡಿಯಾಗಿ ಕಾಣುವುದಿಲ್ಲ. ಯುರೋಪ್ ಒಕ್ಕೂಟದ ದೇಶಗಳೂ 2019ರ ಡಿಸೆಂಬರ್ 14ರಿಂದ, ಅನಾನಸು, ತೆಂಗಿನಕಾಯಿ, ಡುರಿಯನ್, ಬಾಳೆಹಣ್ಣು, ಖರ್ಜೂರ ಈ ಐದನ್ನು ಬಿಟ್ಟು, ಯಾವ ಹಸಿ ಹಣ್ಣು, ತರಕಾರಿ, ಸೊಪ್ಪಿಗೂ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕೆಂದು ನಿಯಮ ಮಾಡಿವೆ.

ಮಾವು, ಅಕ್ಕಿ ಮತ್ತು ತೊಂಡೆ ಬಳ್ಳಿ

ಮಾವಿನ ಹಣ್ಣಿಗೂ ಇದೇ ಗತಿ. ನಮ್ಮಲ್ಲಿ ಊಜಿ ನೊಣವೆನ್ನುವ ಹಣ್ಣಿನ ನೊಣವು ಬಲಿತ ಕಾಯಿಯ ಸಿಪ್ಪೆಯೊಳಗೆ ಮೊಟ್ಟೆ ಚುಚ್ಚಿಡುತ್ತದೆ. ಹೊರಗಿನಿಂದ ನೋಡಿದರೆ ಹಣ್ಣು ಬಂಗಾರದಂತಿರುತ್ತದೆ, ಕೊಯ್ದಾಗ ಒಳಗೆ ಹುಳುಗಳು. ಅಮೆರಿಕಾಕ್ಕೆ ನಮ್ಮ ಮಾವು 2007ರಲ್ಲಿ ಮತ್ತೆ ಹೋಗಲು ಪ್ರಾರಂಭವಾದದ್ದು ವಿಕಿರಣ ಸಂಸ್ಕರಣೆಗೆ ಒಪ್ಪಿಕೊಂಡ ಮೇಲೆ. ಮೊದಲ ವರ್ಷ ಆ ಕೆಲಸ ನಡೆದದ್ದು ಮಹಾರಾಷ್ಟ್ರದ ಲಾಸಲಗಾಂವ್‌ನಲ್ಲಿ. ಕೈಚೀಲದಲ್ಲಿ ಒಯ್ಯುವ ಹಣ್ಣಿಗೆ ಆ ಸಂಸ್ಕರಣೆಯೂ ಇಲ್ಲ, ಪತ್ರವೂ ಇಲ್ಲ. 2013ರಲ್ಲಿ ಯುರೋಪಿಗೆ ಹೋದ ನಮ್ಮ ಹಣ್ಣು ತರಕಾರಿಗಳ 207 ರವಾನೆಗಳಲ್ಲಿ ಹಣ್ಣಿನ ನೊಣವೇ ಮೊದಲಾದ ಪೀಡೆಗಳು ಸಿಕ್ಕಿದವು. ಪರಿಣಾಮವಾಗಿ 2014ರ ಮೇ 1ರಿಂದ ಅಲ್ಲಿ ನಮ್ಮ ಮಾವು, ಬದನೆ, ಹಾಗಲ, ಪಡವಲ, ಕೆಸುವುಗಳಿಗೆ ಬಾಗಿಲು ಮುಚ್ಚಿತು. ಮಾವಿಗೆ ಬಾಗಿಲು ತೆರೆದದ್ದು 2015ರಲ್ಲಿ. ಹುಳು ಸಿಕ್ಕಿದ್ದು ಕೆಲವರ ಪೆಟ್ಟಿಗೆಯಲ್ಲಾದರೂ ಒಂದು ಹಂಗಾಮು ಕಳೆದುಕೊಂಡವರು ಎಲ್ಲ ರಫ್ತು ಬೆಳೆಗಾರರು.

ಅಕ್ಕಿಯ ಸಂಗತಿ ನಮ್ಮವರಿಗೆ ಅತ್ಯಂತ ಆಶ್ಚರ್ಯ ತರುತ್ತದೆ. ಒಣಗಿದ ಅಕ್ಕಿಯಲ್ಲೇನು ದೋಷ? ದೋಷ ಖಾಪ್ರಾ ದುಂಬಿಯದು. ಉಗ್ರಾಣದ ಧಾನ್ಯಗಳ ಈ ಕೀಟದ ಮೂಲ ನಮ್ಮ ಭಾರತ ಉಪಖಂಡವೆಂದೇ ಪರಿಗಣಿಸಲಾಗಿದೆ. ಇದರ ರೋಮಭರಿತ ಮರಿಹುಳು ಆಹಾರವಿಲ್ಲದೆ ಚೀಲದ ಹೊಲಿಗೆಯಲ್ಲೋ ಪೆಟ್ಟಿಗೆಯ ಸಂದಿಯಲ್ಲೋ ವರ್ಷಗಟ್ಟಲೆ ಸುಪ್ತವಾಗಿ ಇರಬಲ್ಲದು. ಈ ಕಾರಣಕ್ಕೆ 2011ರಿಂದ ಅಮೆರಿಕಾವು ಖಾಪ್ರಾ ಇರುವ ದೇಶಗಳಿಂದ ಪ್ರಯಾಣಿಕರು ಅಕ್ಕಿ ತರುವುದನ್ನು ನಿಷೇಧಿಸಿದೆ. ಐದು ಕಿಲೋ ಅಕ್ಕಿಯನ್ನು ಪಟ್ಟಿಯಿಂದ ಹೊಡೆದುಹಾಕಿದಾಗ ಯಜಮಾನರ ಮುಖ ಸಪ್ಪಗಾಯಿತು. ಸ್ವಂತ ಗದ್ದೆಯ ಅಕ್ಕಿಯ ಅನ್ನವನ್ನು ಮೊಮ್ಮಗುವಿಗೆ ಉಣಿಸಬೇಕೆನ್ನುವುದು ಸಣ್ಣ ಆಸೆಯೇನಲ್ಲ.

ತೊಂಡೆ ಬಳ್ಳಿಯ ತುಂಡನ್ನು ಕೇಳುವುದೇ ಬೇಡ. ನೆಟ್ಟರೆ ಬೇರು ಬಿಡುವ ಕಾಂಡ, ಬಿತ್ತಿದರೆ ಮೊಳೆಯುವ ಬೀಜ, ಗೆಡ್ಡೆ, ಬೇರು ಇವಕ್ಕೆಲ್ಲ ಪೂರ್ವಾನುಮತಿ ಮತ್ತು ಪ್ರಮಾಣಪತ್ರ ಬೇಕು. ಸಂದೇಹ ಬಂದಾಗ ನಾನು ರೈತರಿಗೆ ಮೂರು ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತೇನೆ. ಇದು ಹಸಿಯಾಗಿದೆಯೇ? ಇದು ಮೊಳೆಯಬಲ್ಲದೇ? ಇದಕ್ಕೆ ಮಣ್ಣು ಅಂಟಿದೆಯೇ? ಮೂರಕ್ಕೂ 'ಇಲ್ಲ' ಎಂದಾದರೆ ಸಸ್ಯದ ದೃಷ್ಟಿಯಿಂದ ಅದು ಬಹುಮಟ್ಟಿಗೆ ನಿರಪಾಯ. ಅಕ್ಕಿ ಈ ಸೂತ್ರವನ್ನು ಮೀರಿದ ಅಪವಾದ.

ಈ ಲೆಕ್ಕದಲ್ಲಿ ಹುರಿದು ಪುಡಿ ಮಾಡಿದ ಸಾರಿನ ಪುಡಿ, ಚಟ್ನಿ ಪುಡಿ, ಬಾಣಂತಿ ಖಾರದ ಪುಡಿಗಳು, ಹಪ್ಪಳ, ಚಕ್ಕುಲಿ, ಉಪ್ಪಿನಲ್ಲಿ ನೆನೆದ ಅಪ್ಪೆಮಿಡಿ ಸಾಮಾನ್ಯವಾಗಿ ದಾಟಿಹೋಗುತ್ತವೆ. ಮೆಂತ್ಯ, ಓಮಗಳನ್ನು ಇಡಿಯಾಗಿ ಒಯ್ಯುವ ಬದಲು ಹುರಿದು ಪುಡಿ ಮಾಡಿ ಒಯ್ದರೆ ಮಾತಿಗೆ ಅವಕಾಶವಿಲ್ಲ. ಪೊಟ್ಟಣದ ಮೇಲೆ ಒಳಗಿರುವ ಪದಾರ್ಥದ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿಡಬೇಕು. ನಮ್ಮ ಖಾರದ ಪುಡಿಯ ಬಣ್ಣ ನೋಡಿದ ಅನ್ಯದೇಶದ ಅಧಿಕಾರಿಗೆ ಅದು ಏನೆಂದು ಹೊಳೆಯದಿದ್ದರೆ ಅವನ ತಪ್ಪಲ್ಲ. ಕಾಫಿ ಬೆಳೆಗಾರರಿಗೆ ಒಂದು ಮಾತು: ಹುರಿದ ಕಾಫಿಗೆ ತೊಂದರೆಯಿಲ್ಲ. ಹುರಿಯದ ಬೀಜವನ್ನೂ ಅಮೆರಿಕಾ ಬಿಡುತ್ತದೆ, ಆದರೆ ಕಾಫಿ ಬೆಳೆಯುವ ಹವಾಯಿ ಮತ್ತು ಪೋರ್ಟೊರಿಕೊ ದ್ವೀಪಗಳಿಗೆ ಬಿಡುವುದಿಲ್ಲ. ಹವಾಯಿಯಲ್ಲಿ ಕಾಯಿಕೊರಕ 2010ರಲ್ಲಿ, ಎಲೆ ತುಕ್ಕು ರೋಗ 2020ರಲ್ಲಿ ಕಾಣಿಸಿಕೊಂಡವು. ಅದೇ ಕಾಯಿಕೊರಕ ನೀಲಗಿರಿಯ ಗೂಡಲೂರಿಗೆ ಬಂದದ್ದು 1990ರಲ್ಲಿ. ಅಲ್ಲಿಂದ ಕೊಡಗಿಗೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ.

ಕೊಬ್ಬರಿಗೆ ತಡೆಯಿರುವುದು ಕೀಟದ ಕಾರಣದಿಂದಲ್ಲ. ಎಣ್ಣೆಯಂಶ ಹೆಚ್ಚಿರುವ ಒಣ ಕೊಬ್ಬರಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದೆಂದು ವಿಮಾನ ಸಾಗಣೆಯ ನಿಯಮಗಳಲ್ಲಿ ಅದನ್ನು ಅಪಾಯಕಾರಿ ವಸ್ತುಗಳ ಪಟ್ಟಿಗೆ ಸೇರಿಸಲಾಗಿದೆ. ತಿಪಟೂರಿನ ಕಡೆಯವರು ಇದನ್ನು ಕೇಳಿ ನಗುತ್ತಾರೆ. ಆದರೆ ಅಟ್ಟದಲ್ಲಿ ರಾಶಿ ಹಾಕಿದ ಕೊಬ್ಬರಿ ಒಳಗೊಳಗೇ ಬಿಸಿಯಾಗುವುದನ್ನು ಕೈಯಿಟ್ಟು ನೋಡಿದವರು ನಗಲಾರರು.

ತುಪ್ಪ, ಕೊಟ್ಟಿಗೆ, ಕಾಲಿನ ಚಪ್ಪಲಿ

ಹಾಲಿನ ಮತ್ತು ಮಾಂಸದ ಪದಾರ್ಥಗಳಿಗೆ ಅಡ್ಡಿ ಕಾಲುಬಾಯಿ ಜ್ವರದಂತಹ ಜಾನುವಾರು ರೋಗಗಳಿಂದ. ಬ್ರಿಟನ್ನಿನಲ್ಲಿ 2001ರಲ್ಲಿ ಈ ಜ್ವರ ಹರಡಿದಾಗ 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಂದು ಸುಡಬೇಕಾಯಿತು, ಹೂಳಬೇಕಾಯಿತು. ಸರಿಯಾಗಿ ಬೇಯಿಸದ ಹೋಟೆಲು ಮುಸುರೆಯನ್ನು ತಿಂದ ಹಂದಿಗಳಿಂದ ಅದು ಮೊದಲಾಯಿತೆಂದೂ, ಆ ಮುಸುರೆಯಲ್ಲಿ ಹೊರದೇಶದಿಂದ ಅಕ್ರಮವಾಗಿ ಬಂದ ಮಾಂಸ ಸೇರಿದ್ದಿರಬೇಕೆಂದೂ ಅಲ್ಲಿಯ ಅಧಿಕಾರಿಗಳು ಅಭಿಪ್ರಾಯಪಟ್ಟರು. ಬ್ರಿಟನ್ ಮತ್ತು ಯುರೋಪಿಗೆ ಭಾರತದಿಂದ ಪ್ರಯಾಣಿಕರು ಹಾಲಿನ, ಮಾಂಸದ ಪದಾರ್ಥಗಳನ್ನು ಒಯ್ಯುವಂತಿಲ್ಲ. ಧಾರವಾಡದ ಪೇಡೆಯೂ ಹಾಲಿನ ಪದಾರ್ಥವೇ. ಕಾಲುಬಾಯಿ ಜ್ವರವಿರುವ ದೇಶಗಳ ಹಾಲಿನ ವಸ್ತುಗಳ ಮೇಲೆ ಅಮೆರಿಕಾದಲ್ಲಿಯೂ ನಿರ್ಬಂಧಗಳಿವೆ. ತುಪ್ಪ ಅಲ್ಲಿಯ ಅಂಗಡಿಗಳಲ್ಲಿಯೇ ಸಿಗುತ್ತದೆ. ಮನೆಯ ತುಪ್ಪದ ಘಮ ಅದಕ್ಕಿರುವುದಿಲ್ಲ, ಅಷ್ಟೆ.

ರೈತರಿಗೆಂದೇ ಇರುವ ಪ್ರಶ್ನೆಯೊಂದಿದೆ. ಅಮೆರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ "ಇತ್ತೀಚೆಗೆ ಜಮೀನಿಗೆ ಹೋಗಿದ್ದಿರಾ, ಜಾನುವಾರುಗಳ ಸಂಪರ್ಕವಿತ್ತೆ?" ಎಂಬರ್ಥದ ಪ್ರಶ್ನೆಯನ್ನು ಬರವಣಿಗೆಯಲ್ಲೋ ಬಾಯಿಮಾತಿನಲ್ಲೋ ಕೇಳುತ್ತಾರೆ. ಬೆಳಿಗ್ಗೆ ಹಾಲು ಕರೆದು ಸಂಜೆ ವಿಮಾನ ಹತ್ತಿದ ನಮ್ಮ ರೈತರು ಗಾಬರಿಯಿಂದ 'ಇಲ್ಲ' ಎಂದು ಗುರುತು ಹಾಕುತ್ತಾರೆ. ಇದು ತಪ್ಪು. 'ಹೌದು' ಎಂದರೆ ಯಾರೂ ಹಿಂದಕ್ಕೆ ಕಳುಹಿಸುವುದಿಲ್ಲ. ಚಪ್ಪಲಿ, ಬೂಟು ನೋಡುತ್ತಾರೆ, ಒಂದೆರಡು ಮಾತು ಕೇಳುತ್ತಾರೆ. ನಾನು ನ್ಯೂಜಿಲೆಂಡಿಗೆ ಹೋದಾಗ ಹೊಲದಲ್ಲಿ ಹಾಕುವ ಬೂಟು ಚೀಲದಲ್ಲಿದೆಯೆಂದು ತಿಳಿಸಿದೆ. ಅವರು ಅದನ್ನು ಒಳಗೆ ಒಯ್ದು, ಅಟ್ಟೆಯ ಸಂದಿಯ ಮಣ್ಣನ್ನೆಲ್ಲ ತೊಳೆದು, ಹತ್ತು ನಿಮಿಷದಲ್ಲಿ ತಂದುಕೊಟ್ಟರು. ಕೃಷಿ ವಿಜ್ಞಾನಿಯೆನಿಸಿಕೊಂಡವನು ಮನೆಯಲ್ಲಿಯೇ ತೊಳೆದು ಒಯ್ಯಬೇಕಾಗಿತ್ತು. ಅಂದು ನನಗೆ ನಾಚಿಕೆಯಾದದ್ದು ನಿಜ.

ಮುಚ್ಚಿಟ್ಟರೆ ಮಾತ್ರ ಕಷ್ಟ. ನ್ಯೂಜಿಲೆಂಡಿನಲ್ಲಿ ತಿಳಿಸದೆ ಒಯ್ದ ಒಂದು ಹಣ್ಣಿಗೆ ಸ್ಥಳದಲ್ಲಿಯೇ 400 ಡಾಲರ್ ದಂಡ. ಅಮೆರಿಕಾದಲ್ಲಿ ಸ್ವಂತಕ್ಕೆಂದು ತಂದ ವಸ್ತುವಾದರೂ ಮುಚ್ಚಿಟ್ಟ ಮೊದಲ ತಪ್ಪಿಗೆ 300 ಡಾಲರ್ ದಂಡ ಹಾಕುವುದುಂಟು. ಅಲ್ಲಿ 1984ರಿಂದ ಬೀಗಲ್ ಜಾತಿಯ ಸಣ್ಣ ನಾಯಿಗಳು ಸಾಮಾನುಗಳ ನಡುವೆ ಮೂಸುತ್ತ ತಿರುಗುತ್ತಿವೆ. ಮಾವಿನ ಹಣ್ಣನ್ನು ಸೀರೆಯ ಮಡಿಕೆಯಲ್ಲಿಟ್ಟರೂ ಬಂದು ಪಕ್ಕದಲ್ಲಿ ಕುಳಿತುಬಿಡುತ್ತವೆ. ತಿಳಿಸಿದ ವಸ್ತು ನಿಷಿದ್ಧವಾಗಿದ್ದರೆ ಅದನ್ನು ತೆಗೆದುಕೊಳ್ಳುತ್ತಾರೆ, ದಂಡವಿಲ್ಲ.

ಗಸಗಸೆ ಮತ್ತು ಔಷಧಿಗಳು

ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಹೋಗುವವರು ಗಸಗಸೆಯನ್ನು ಮನೆಯಲ್ಲಿಯೇ ಬಿಟ್ಟು ಹೋಗತಕ್ಕದ್ದು. ಅಫೀಮಿನ ಗಿಡದ ಬೀಜವೆಂಬ ಕಾರಣದಿಂದ ಸಂಯುಕ್ತ ಅರಬ್ ಸಂಸ್ಥಾನ ಮತ್ತು ಸೌದಿ ಅರೇಬಿಯಾದಲ್ಲಿ ಅದು ಮಾದಕವಸ್ತುವಿನ ಅಪರಾಧ. ಪಾಯಸಕ್ಕೆಂದು ಹೇಳಿದರೆ ಕೇಳುವುದಿಲ್ಲ. ಅಮೆರಿಕಾಕ್ಕೆ ಹೋಗುವವರೂ ದುಬೈಯಲ್ಲೋ ಅಬುಧಾಬಿಯಲ್ಲೋ ವಿಮಾನ ಬದಲಾಯಿಸುವುದಾದರೆ ಇದನ್ನು ಮರೆಯಬಾರದು. ಸಂಯುಕ್ತ ಅರಬ್ ಸಂಸ್ಥಾನಕ್ಕೆ ವೀಳ್ಯದೆಲೆ, ಬೀಡಾಗಳನ್ನೂ ಒಯ್ಯುವಂತಿಲ್ಲ.

ಔಷಧಿ ನನ್ನ ವಿಷಯವಲ್ಲ. ಆದರೆ ವಯಸ್ಸಾದ ರೈತರು ಹೆಚ್ಚಾಗಿ ಎಡವುವುದು ಇಲ್ಲಿಯೇ ಆದ್ದರಿಂದ ನಮ್ಮ ವೈದ್ಯ ಮಿತ್ರರಿಂದ ಕೇಳಿ ತಿಳಿದದ್ದನ್ನು ಬರೆಯುತ್ತೇನೆ. ಮಾತ್ರೆಗಳನ್ನು ಬಿಡಿಸಿ ಒಂದೇ ಡಬ್ಬಿಗೆ ತುಂಬುವುದು ನಮ್ಮ ಅಭ್ಯಾಸ, ಅದು ಕೂಡದು. ಹೆಸರು ಅಚ್ಚಾಗಿರುವ ಪಟ್ಟಿಯಲ್ಲಿಯೇ ಇರಲಿ. ವೈದ್ಯರು ಇಂಗ್ಲಿಷಿನಲ್ಲಿ, ಕಂಪನಿಯ ಹೆಸರಲ್ಲದೆ ಔಷಧಿಯ ಮೂಲ ಹೆಸರನ್ನೂ ಬರೆದು ಸಹಿ ಮಾಡಿದ ಚೀಟಿ ಜೊತೆಗಿರಲಿ. ಅಮೆರಿಕಾದಲ್ಲಿ ಸಾಮಾನ್ಯವಾಗಿ 90 ದಿನಗಳಿಗೆ ಸಾಕಾಗುವಷ್ಟನ್ನು ಒಪ್ಪುತ್ತಾರೆ. ಹೆಚ್ಚು ದಿನ ನಿಲ್ಲುವವರು ಉಳಿದದ್ದಕ್ಕೆ ಅಲ್ಲಿಯ ವೈದ್ಯರನ್ನು ಕಾಣುವ ಏರ್ಪಾಡನ್ನು ಮಕ್ಕಳಿಂದ ಮೊದಲೇ ಮಾಡಿಸಿಕೊಳ್ಳಬೇಕು. ಇನ್ಸುಲಿನ್ ಕೈಚೀಲದಲ್ಲಿಯೇ ಇರಬೇಕು. ವಿಮಾನದ ಹೊಟ್ಟೆಗೆ ಹಾಕಿದ ಪೆಟ್ಟಿಗೆಯಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು. ಕೊಡೀನ್ ಬೆರೆತ ಕೆಮ್ಮಿನ ಔಷಧಿ, ಟ್ರಮಡಾಲ್ ಎಂಬ ನೋವಿನ ಮಾತ್ರೆ, ನಿದ್ರೆಯ ಮಾತ್ರೆ ಇವಕ್ಕೆ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಆರೋಗ್ಯ ಇಲಾಖೆಯ ಪೂರ್ವಾನುಮತಿ ಬೇಕು. ನಾಟಿ ವೈದ್ಯರು ಕೊಟ್ಟ ಒಣ ಬೇರು, ತೊಗಟೆ ಕಸ್ಟಮ್ಸ್‌ನವರ ಕಣ್ಣಿಗೆ ಔಷಧಿಯಲ್ಲ, ಸಸ್ಯ.

ಹಿಂದಿರುಗುವಾಗ

ಇಷ್ಟರವರೆಗೆ ಹೇಳಿದ್ದು ಅನ್ಯರ ತೋಟಗಳ ರಕ್ಷಣೆ. ನನಗೆ ಹೆಚ್ಚು ಚಿಂತೆ ಇರುವುದು ಹಿಂದಿರುಗುವ ಪೆಟ್ಟಿಗೆಯದು. ಒಳ್ಳೆಯ ತಳಿ ಕಂಡರೆ ಒಂದು ಕಡ್ಡಿ, ಒಂದು ಬೀಜ ಜೇಬಿಗೆ ಹಾಕಿಕೊಳ್ಳುವುದು ರೈತನ ಹುಟ್ಟುಗುಣ. ಬಾಬಾಬುಡನ್ ಅವರು ಯೆಮನ್ನಿನಿಂದ ಏಳು ಕಾಫಿ ಬೀಜ ತಂದರೆಂಬ ಪ್ರತೀತಿಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮೆಣಸಿನಕಾಯಿ, ಕಡಲೆಕಾಯಿ, ಮುಸುಕಿನ ಜೋಳ ಎಲ್ಲವೂ ಹೀಗೆ ಕಡಲು ದಾಟಿ ಬಂದವೇ. ಆದರೆ ಬಂದದ್ದು ಇವಷ್ಟೇ ಅಲ್ಲ. ಮಳೆಗಾಲದಲ್ಲಿ ನಮ್ಮ ಅಡಿಕೆ, ಬಾಳೆ, ತರಕಾರಿ ತೋಟಗಳನ್ನು ಮೇಯುವ ಆಫ್ರಿಕಾದ ದೈತ್ಯ ಬಸವನಹುಳುವನ್ನು 1847ರಲ್ಲಿ ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದವರು ಬೆನ್ಸನ್ ಎಂಬ ಚಿಪ್ಪುಜೀವಿಗಳ ಅಭ್ಯಾಸಿ. ಅಲ್ಲಿಯ ಚೌರಂಗಿಯ ಒಂದು ತೋಟದಲ್ಲಿ ಅವನ್ನು ಬಿಡಲಾಯಿತು. ಅಮೆರಿಕಾದ ಮಯಾಮಿಯಲ್ಲಿ 1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ಇಂತಹವೇ ಮೂರು ಹುಳು ತಂದ. ಅವನ ಅಜ್ಜಿ ಅವನ್ನು ಹಿತ್ತಲಿಗೆ ಬಿಟ್ಟಳು. ಏಳು ವರ್ಷಗಳಲ್ಲಿ 18,000ಕ್ಕೂ ಮೇಲ್ಪಟ್ಟು ಹುಳುಗಳು ಸಿಕ್ಕಿದವು. ಅವನ್ನು ನಿರ್ಮೂಲ ಮಾಡಲು ಹತ್ತು ಲಕ್ಷ ಡಾಲರಿಗೂ ಮೀರಿ ಖರ್ಚಾಯಿತು.

ಎಲ್ಲ ಪೀಡೆಗಳೂ ಪ್ರಯಾಣಿಕರ ಚೀಲದಲ್ಲಿ ಬರುವುದಿಲ್ಲವೆಂಬುದನ್ನೂ ಹೇಳಬೇಕು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ದೇಶದಲ್ಲಿಯೇ ಮೊದಲು ಗುರುತಿಸಲಾದ ಫಾಲ್ ಸೈನಿಕ ಹುಳುವಿನ ಪತಂಗ ರಾತ್ರಿಗೆ ಹತ್ತಾರು ಮೈಲಿ ಹಾರಬಲ್ಲದು. ಅದಕ್ಕೆ ಯಾವ ಸುಂಕದ ಕಟ್ಟೆಯೂ ಇಲ್ಲ. ಆದರೆ ಬಾಳೆಯ ಪನಾಮಾ ಸೊರಗು ರೋಗಕ್ಕೆ ರೆಕ್ಕೆಗಳಿಲ್ಲ. ಅದು ಹೋಗುವುದು ಕಂದಿನ ಮೂಲಕ, ನೀರಿನ ಮೂಲಕ, ಅಟ್ಟೆಗೆ ಅಂಟಿದ ಮಣ್ಣಿನ ಮೂಲಕ. ನಂಜನಗೂಡು ರಸಬಾಳೆಯನ್ನು ಹೆಚ್ಚುಕಡಮೆ ಅಳಿಸಿಹಾಕಿದ್ದು ಇದೇ ರೋಗ. ಇದರ ಇನ್ನೊಂದು ಉಗ್ರ ಬಗೆಯಾದ ಟಿ.ಆರ್.4 ಮಲೇಷಿಯಾ, ಇಂಡೊನೇಷಿಯಾ, ಆಸ್ಟ್ರೇಲಿಯಾಗಳಲ್ಲಿ ನಾವು ಹೆಚ್ಚಾಗಿ ಬೆಳೆಯುವ ಪಚ್ಚಬಾಳೆ, ಜಿ9 ಗುಂಪಿನ ಬಾಳೆಗಳನ್ನೇ ಕೊಲ್ಲುತ್ತಿದೆ. ನಮ್ಮ ದೇಶದಲ್ಲಿ ಬಿಹಾರದ ಕಟಿಹಾರ್ ಜಿಲ್ಲೆಯಲ್ಲಿ ಕಾಣಿಸಿಕೊಂಡಿದೆ. ಮಣ್ಣಿಗೆ ಸೇರಿದ ಈ ಶಿಲೀಂಧ್ರ ದಶಕಗಳ ಕಾಲ ಸಾಯುವುದಿಲ್ಲ. ಮಲೇಷಿಯಾದ ತೋಟ ನೋಡಲು ಹೋದವರು ಒಂದು ಕಂದನ್ನು ಬಟ್ಟೆಯಲ್ಲಿ ಸುತ್ತಿ ತಂದರೆ ಅವರ ತೋಟದ ಜೊತೆಗೆ ಕಾಲುವೆಯ ಕೆಳಗಿನ ತೋಟಗಳೂ ಹೋಗುತ್ತವೆ.

ನಮ್ಮಲ್ಲಿಯೂ ಕಾನೂನು ಇಲ್ಲವೆಂದಲ್ಲ. 1914ರ ಅಧಿನಿಯಮದ ಅಡಿಯಲ್ಲಿ ಹೊರಡಿಸಿದ 2003ರ ಸಸ್ಯ ದಿಗ್ಬಂಧನ ಆದೇಶದ ಪ್ರಕಾರ ಬೀಜ, ಗಿಡ, ಕಡ್ಡಿಗಳನ್ನು ತರಲು ಮೊದಲೇ ಪಡೆದ ಆಮದು ಪರವಾನಗಿ ಮತ್ತು ಆ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಮಣ್ಣನ್ನಂತೂ ತರುವಂತಿಲ್ಲ, ಸಂಶೋಧನೆಗೆ ಬೇಕೆಂದರೂ ವಿಶೇಷ ಅನುಮತಿ ಬೇಕು. ಬೆಂಗಳೂರು, ಮಂಗಳೂರುಗಳಲ್ಲಿ ಸಸ್ಯ ದಿಗ್ಬಂಧನ ಕೇಂದ್ರಗಳಿವೆ. ನಿಲ್ದಾಣದಲ್ಲಿ ಏನೂ ತಿಳಿಸಬೇಕಾಗಿಲ್ಲದವರಿಗೆ ಹಸಿರು ದಾರಿ, ತಿಳಿಸಬೇಕಾದವರಿಗೆ ಕೆಂಪು ದಾರಿ. ಹಸಿರು ಗಿಡ ತಂದವರು ಹೋಗಬೇಕಾದದ್ದು ಕೆಂಪು ದಾರಿಯಲ್ಲಿ.

ಈ ಬಾಗಿಲು ಪೂರ್ತಿ ಮುಚ್ಚಿದೆಯೆಂದು ಭಾವಿಸಬಾರದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡುಬಂದ ಪಪ್ಪಾಯಿ ಹಿಟ್ಟು ತಿಗಣೆ ನಮ್ಮ ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಬೆಳ್ಳಗೆ ಮಾಡಿಬಿಟ್ಟಾಗ ಅದರ ಶತ್ರುವಾದ ಪರತಂತ್ರ ಜೀವಿಯನ್ನು 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದರು. ಬೆಂಗಳೂರಿನ ಕೀಟ ಸಂಸ್ಥೆಯಲ್ಲಿ ಅದನ್ನು ಮುಚ್ಚಿದ ಕೋಣೆಯಲ್ಲಿ ಸಾಕಿ, ಪರೀಕ್ಷಿಸಿ, ನಂತರ ಹೊಲಗಳಿಗೆ ಬಿಟ್ಟರು. ಕೆಲವೇ ತಿಂಗಳುಗಳಲ್ಲಿ ತಿಗಣೆ ಹತೋಟಿಗೆ ಬಂದಿತು. ಅದೂ ಕಡಲಾಚೆಯ ಜೀವಿಯೇ. ಕೆಂಪು ದಾರಿಯಲ್ಲಿ ಬಂದದ್ದು.

ಆ ದಂಪತಿಗಳು ಹೊರಟು ಎರಡು ತಿಂಗಳಾದ ಮೇಲೆ ಯಜಮಾನರು ಫೋನ್ ಮಾಡಿದರು. ಹೆಣ್ಣು ಮಗು, ತಾಯಿ ಮಗು ಆರೋಗ್ಯ. ಖಾರದ ಪುಡಿಗಳೂ ಅಪ್ಪೆಮಿಡಿಯೂ ತಿಳಿಸಿ ಒಯ್ದದ್ದರಿಂದ ಸುರಕ್ಷಿತವಾಗಿ ತಲುಪಿವೆ. ಜಮೀನಿನ ಪ್ರಶ್ನೆಗೆ 'ಹೌದು' ಎಂದಾಗ ಅಧಿಕಾರಿ ಏನು ಬೆಳೆಯುತ್ತೀರಿ ಎಂದು ಕೇಳಿದನಂತೆ. ಅಡಿಕೆಯೆಂದರೆ ಏನೆಂದು ಅವನಿಗೆ ವಿವರಿಸುವುದೇ ಕಷ್ಟವಾಯಿತಂತೆ. ಆಮೇಲೆ ದನಿ ತಗ್ಗಿಸಿ ಮುಖ್ಯ ವಿಷಯಕ್ಕೆ ಬಂದರು. ಮಗಳ ನೆರೆಮನೆಯಲ್ಲಿ ಬೆಣ್ಣೆಹಣ್ಣಿನ ಮರವೊಂದಿದೆ, ಹಣ್ಣು ಬಹಳ ರುಚಿ, ಬರುವಾಗ ಕಸಿಗೆ ನಾಲ್ಕು ಕುಡಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತರಲೇ? ಆ ದೇಶದಲ್ಲಿ 2002ರಲ್ಲಿ ಸವನ್ನಾ ಬಳಿ ಕಾಣಿಸಿಕೊಂಡ ಒಂದು ಸಣ್ಣ ಕೊರಕ ದುಂಬಿ ತನ್ನೊಂದಿಗೆ ಹೊತ್ತು ತಂದ ಶಿಲೀಂಧ್ರದಿಂದ ಫ್ಲಾರಿಡಾದ ಬೆಣ್ಣೆಹಣ್ಣಿನ ಮರಗಳು ನಿಂತಲ್ಲೇ ಒಣಗುತ್ತಿರುವುದನ್ನು ಹೇಳಿದೆ. ದುಂಬಿ ಇರುವುದು ಮರದ ಒಳಗೆ. ಕುಡಿಯನ್ನು ತೊಳೆದರೆ ಹೋಗುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಬೇಡ ಬಿಡಿ, ನಮ್ಮಲ್ಲೇ ಎಲ್ಲಿ ಸಿಗುತ್ತದೆ?" ಎಂದು ಕೇಳಿದರು. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದಲ್ಲಿ ಅರ್ಕಾ ಸುಪ್ರೀಂ ಮತ್ತು ಅರ್ಕಾ ಕೂರ್ಗ್ ರವಿ ಎಂಬ ಎರಡು ತಳಿಗಳಿವೆ, ಕಸಿ ಗಿಡಗಳಿಗೆ ಮುಂಚಿತವಾಗಿ ಹೆಸರು ಬರೆಸಬೇಕೆಂದು ಹೇಳಿದೆ. ಬರೆಸಿದ್ದಾರೆ.